ಅಳಿಸಿದ ಕೂಲಿ

ತುಂಬೇತಿ ಅಂತು ಡಿಸ್ಕು.
ತಗದು ನೋಡಿದ್ರ ಒಳಗ ಏನೂ ಇಲ್ಲ.
ಎರಡು ಟಿಬಿದು, ಕರೀದು, ಒಂದು ಮೂಲಿ ಒಡದದ್ದು,
ಮದುವಿ ಸೀಸನ್ನಿನಾಗ ನನ್ನ ಚೀಲದಾಗ
ಚಾರ್ಜರು, ಎಲಿಅಡಿಕಿ, ಮೆತ್ತಗಾದ ಬಿಸ್ಕಿಟಿನ ಸಂಗಾಟ
ರೋಣ, ಮುಂಡರಗಿ, ಲಕ್ಷ್ಮೇಶ್ವರ ತಿರುಗಿದ್ದು.
ಮುಂಜಾನೆ ಕುಂತು ಮೂರು ವರ್ಷದ ಮದುವಿ ಅಳಿಸಿದ್ದೆ,
ಆಲ್ಬಂ ಒಯ್ದವ್ರದು, ಬಾಕಿ ಕೊಡದನ ಊರು ಬಿಟ್ಟವ್ರದು.
ಆದ್ರೂ ಜಾಗಾ ಇಲ್ಲ.

"ಸರ, ಕಸದಬುಟ್ಟಿ ಡಿಸ್ಕಿನಾಗ ಇರತೈತ್ರಿ,"
ಚಾದ ಕಪ್ಪು ಇಳಿಸಿ ಇಮ್ತಿಯಾಜ ಅಂದ,
"ಎಲ್ಲಿ ಒಯ್ದ್ರ ಅಲ್ಲಿ ಅದರ ಕೂಡೇ ಬರತೈತಿ.
ಹೆಸರಿನ ಮುಂದ ಒಂದ ಚುಕ್ಕಿ ಇಟ್ಟಿರತಾರ,
ಅದಕ್ಕ ಕಣ್ಣಿಗೆ ಬೀಳೂದಿಲ್ಲ."

ಒಂದ ಚುಕ್ಕಿ.
ಹಣಿ ಮ್ಯಾಲಿಟ್ರ ಊರ ಮಂದಿ ನೋಡ್ತಾರ.
ಹೆಸರಿನ ಮುಂದಿಟ್ರ ಯಾರಿಗೂ ಕಾಣೂದಿಲ್ಲ.

ಮೂರು ಕೀಲಿ ಒಮ್ಮೆಲೆ ಒತ್ತಿದ.
ಮಬ್ಬಾಗಿ ಎದ್ದು ಬಂತು ಫೋಲ್ಡರು,
ಒಳಗ ನಾ ತಗದು ಒಗದದ್ದೆಲ್ಲಾ:
ಹೊಳೆಆಲೂರಿನ ಬೀಗರ ಜಗಳ,
ಕ್ಯಾಮೆರಾ ಚಾಲೂ ಇದ್ದದ್ದು ಮರತು
ನಾ ನಡದ ಹನ್ನೊಂದು ನಿಮಿಷ, ಬರೇ ನೆಲಾ,
ನನ್ನ ಚಪ್ಪಲಿ, ಮತ್ತ ನೆಲಾ.
ಅದರ ತಳಗ
ರತ್ನಮಾಲಾ ವೆಡ್ಸ್ ಅರವಿಂದ.
ನಲವತ್ತಾರು ಜಿಬಿ.

ಹೋದ ಶ್ರಾವಣದಾಗ ಬಂದಿದ್ಲು ಆಕಿ
ಬೆಟಗೇರಿಂದ, ಟಂಟಂ ಹತ್ತಿ, ಒಬ್ಬಾಕೀನ.
ಇನ್ನೊಂದು ಕಾಪಿ ಬೇಕೇನೋ ಅಂತ ನಾ ಕುರ್ಚಿ ಸರಿಸಿದ್ರ
"ಅಳಿಸ್ರಿ" ಅಂದ್ಲು, "ನನ್ನ ಮುಂದ ಅಳಿಸ್ರಿ."
ನಾ ಏನೂ ಕೇಳಲಿಲ್ಲ. ಕೋರ್ಟಿನ ಕಾಗದ
ಬ್ಯಾಗಿನಾಗಿಂದ ಮೂಲಿ ತೋರಸ್ತಿತ್ತು.
ಒತ್ತಿದೆ. ಟಪ್ ಅಂತ ಸಣ್ಣ ಸದ್ದು.
"ಹೋತೇನ್ರಿ?"
"ಹೋತ್ರಿ."
ಬ್ಯಾಡಂದ್ರೂ ಎರಡನೂರು ರೂಪಾಯಿ ಟೇಬಲ್ ಮ್ಯಾಲಿಟ್ಲು.
ಇಪ್ಪತ್ತೆರಡು ವರ್ಷ ಆತು ಈ ಅಂಗಡಿಗೆ,
ಫೋಟೋ ತಗೀರಿ ಅಂತ ಕೊಟ್ಟವ್ರ ಎಲ್ಲಾರು,
ತಗದ್ ಬಿಡ್ರಿ ಅಂತ ಕೊಟ್ಟಾಕಿ ಒಬ್ಬಾಕಿ.
ನಮ್ಮ ಮಾತಿನಾಗ ಎರಡಕ್ಕೂ ಒಂದ ಶಬ್ದ.

ಆ ಎರಡನೂರು ಯಾವಾಗೋ ಕರಗಿತು,
ನಾಕಾದಾಗಿನ ಗಿರಮಿಟ್ಟು, ಒಂದಿಷ್ಟು ಪೆಟ್ರೋಲು.
ಗೊತ್ತಿಲ್ದ ಹೇಳಿದ ಸುಳ್ಳು, ಖರೆ,
ರೊಕ್ಕ ಮಾತ್ರ ಗೊತ್ತಿದ್ದ ತಗೊಂಡಿದ್ದೆ.
ಒಂದು ವರ್ಷ ಆಕಿ ಮದುವೀನ ಚೀಲದಾಗ ಹೊತಗೊಂಡು
ಮೂವತ್ತು ಮಂದಿ ಮದುವಿಗೆ ಹೋಗಿದ್ದೆ.
ಅವರ ತಲಿಮ್ಯಾಲ ಅಕ್ಕಿಕಾಳು ಬೀಳೂವಾಗ
ಆಕಿ ಇಲ್ಲೇ, ನನ್ನ ಹೆಗಲಿಗೆ ತೂಗಾಡ್ತಿದ್ಲು.

ತಗದು ನೋಡಲಿಲ್ಲ.
ಉಗರಿನಷ್ಟು ಚಿತ್ರ ತಾನ ಕಂಡಿತು:
ಅರಿಷಿಣ ಹಚ್ಚಿದ ಗಲ್ಲಾ, ಯಾರ್ದೋ ಬಳಿ ಕೈ.
ಬುಟ್ಟಿ ಖಾಲಿ ಮಾಡು ಅಂದೆ.

"ಖಾಲಿ ಮಾಡಿದ್ರೂ ಹೋಗೂದಿಲ್ರಿ ಸರ,"
ಈ ಹುಡುಗಗ ಹೇಳೂದಾದ್ರೂ ಒಮ್ಮೆಲೆ ಹೇಳಾಕ ಬರೂದಿಲ್ಲ,
"ಬಾಗಲದ ಮ್ಯಾಲಿನ ನಂಬರ ಅಷ್ಟ ಕೀಳತೈತಿ.
ಮನಿ ಹಂಗ ಇರತೈತಿ, ಒಳಗಿನವ್ರೂ ಹಂಗ ಇರತಾರ,
ಮ್ಯಾಲ ಬ್ಯಾರೆ ಏನಾರ ಬರೀತನಕ."

ಬ್ಯಾರೆ ಏನಾರ.
ಮುಂದಿನ ವಾರದ ಮದುವಿ ಸುರುವಿದ್ರ ಆಗತಿತ್ತು,
ಹೊಸಬರ ತಳಗ ಹಳಬರು. ಯಾಕೋ ಮನಸ್ಸು ಒಪ್ಪಲಿಲ್ಲ.

ಐತವಾರ ಗಾಡಿ ಹತ್ತಿ ಡೋಣಿ ಕಡೆ ಹೋದೆ.
ಕಪ್ಪತಗುಡ್ಡದ ಮ್ಯಾಲ ಬೆಳ್ಳನ್ನ ಗಾಳಿಫ್ಯಾನು,
ಮುಂದ ಸ್ಟ್ಯಾಂಡ್ ಊರಿ ಕ್ಯಾಮೆರಾ ಚಾಲೂ ಮಾಡಿ ಕುಂತೆ.
ಯಾರ ಆರ್ಡರೂ ಇಲ್ಲ, ಲೈಟ್ ಹಿಡಿಯೋ ಹುಡುಗ ಇಲ್ಲ,
ಈ ಕಡೆ ನೋಡ್ರಿ, ಸ್ವಲ್ಪ ನಗ್ರಿ ಅನ್ನೂದಿಲ್ಲ.
ಬರೇ ತಿರುಗೂದು. ಒಂದ ಆಡು ಬಂದು
ಲೆನ್ಸಿನಾಗ ಮೂಗು ತೂರಿಸಿ ನೋಡಿ ಹೋತು.
ಮೂರು ಬ್ಯಾಟರಿ ತೀರೂತನಕ.

ರಾತ್ರಿ ಆ ಒಂದ ಗಾಳೀನ
ನಕಲು ಮಾಡಿದೆ, ಮತ್ತ ಮತ್ತ, ಬೆಳತನಕ,
ಕಾಲೂರಾಕ ಜಾಗಾ ಇಲ್ಲದಂಗ.
ಡಿಸ್ಕು ಕೈಗೆ ಬೆಚ್ಚಗ ಹತ್ತತಿತ್ತು.
ತುಂಬೇತಿ ಅಂತು. ಈ ಸಲ ನಂಬಿದೆ.

ಆಕಿ ನಂಬರ ಹಳೇ ಬಿಲ್‌ಬುಕ್ಕಿನಾಗ ಐತಿ.
ಹಚ್ಚಿದೆ. ಒಂದು ರಿಂಗು ಆಗೂದರಾಗ ಕಟ್ ಮಾಡಿದೆ.
ಹೋತ್ರಿ ಅನ್ನೂದನ್ನ
ಎರಡನೇ ಸಲ ಹೆಂಗ ಹೇಳೂದು?